ಕೊಯ್ತಾ: ಒಂದು ಅಲಗು, ಎರಡು ಆಳು

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುವ ಹೊತ್ತಿಗೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಜಯಸಿಂಗಪುರ, ಶಿರೋಳ ಭಾಗದ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: ‘ಟೋಳ್ಯಾಗ ಎಷ್ಟ ಕೊಯ್ತಾ ಅದಾವು?’ ‘ಹತ್ತ ಅದಾವು’ ಎಂದು ಉತ್ತರ ಬರುತ್ತದೆ. ಟೋಳಿ ಎಂದರೆ ಕಬ್ಬು ಕಡಿಯುವವರ ತಂಡ. ಹೊರಗಿನವರು ಹತ್ತು ಕತ್ತಿ ಎಂದುಕೊಂಡಾರು. ಕಬ್ಬಿನ ನಾಡಿನ ಲೆಕ್ಕ ಬೇರೆ. ಹತ್ತು ಕೊಯ್ತಾ ಅಂದರೆ ಇಪ್ಪತ್ತು ಮಂದಿ: ಹತ್ತು ಗಂಡಸರು, ಹತ್ತು ಹೆಂಗಸರು, ಬಹುಪಾಲು ಗಂಡ-ಹೆಂಡಿರ ಹತ್ತು ಜೋಡಿ. ಒಂಟಿಯಾಗಿ ಬಂದವರು ‘ಅರ್ಧ ಕೊಯ್ತಾ’.

ಕನ್ನಡದ ಕಿವಿಗೆ ಇಲ್ಲಿ ಇನ್ನೊಂದು ಸಂಗತಿ ತಟ್ಟಬೇಕು. ಮನುಷ್ಯರಾದರೆ ‘ಅದಾರ’, ದನ-ಕರು, ಕುಡಗೋಲು, ಕೊಡಲಿಯಾದರೆ ‘ಅದಾವು’. ಮರಾಠಿಯಲ್ಲಿ ‘ಆಹೇತ’ ಎಂಬ ಒಂದೇ ಕ್ರಿಯಾಪದ ಎರಡಕ್ಕೂ ಸಾಕು. ಅಲ್ಲಿ ಈ ತೊಡಕು ಕಾಣುವುದಿಲ್ಲ. ಕನ್ನಡ ಮಾತ್ರ ಪ್ರತಿ ಸಲ ಬಾಯಿ ತೆರೆದಾಗಲೂ ಎದುರಿಗಿರುವುದು ಆಳೋ ವಸ್ತುವೋ ಎಂದು ತೀರ್ಮಾನಿಸಿಯೇ ವಾಕ್ಯ ಮುಗಿಸಬೇಕು. ಇಪ್ಪತ್ತು ಜನರ ಬಗ್ಗೆ ‘ಅದಾವು’ ಎನ್ನುವ ಈ ವಾಕ್ಯವನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ವ್ಯಾಕರಣ ಹಾಗೆ ಹೇಳಿಸುತ್ತದೆ, ಅಷ್ಟೆ. ಆದರೆ ಅಷ್ಟೊಂದು ಮಂದಿ ಹಾಗೆ ನಪುಂಸಕಲಿಂಗದೊಳಗೆ ಹೇಗೆ ಹೋಗಿ ಕುಳಿತರು ಎಂದು ನೋಡಬೇಕಾದರೆ ಈ ಪದದ ಜಾತಕ ಬಿಚ್ಚಬೇಕು.

ಕೊಯ್ತಾ ಇಂದು ಮರಾಠಿ ಪದ. ಕಬ್ಬು ಕಡಿಯುವ, ತುದಿಯಲ್ಲಿ ಬಾಗಿದ, ಅಗಲ ಅಲಗಿನ ಕತ್ತಿಗೆ ಆ ಹೆಸರು. ಮೋಲ್ಸ್‌ವರ್ತನ ಮರಾಠಿ ನಿಘಂಟಿನಲ್ಲಿಯೂ ಅದು ಉಪಕರಣವೇ. ಕೊಂಕಣಿಯ ಕೊಯ್ತೊ, ಕೊಯ್ತಿಗಳೂ ಅದರ ಒಡಹುಟ್ಟುಗಳು. ಆದರೆ ಮರಾಠಿಯಲ್ಲಿ ಬೆಳೆ ಕೊಯ್ಯುವುದಕ್ಕೆ ‘ಕಾಪಣೆ’, ಕಬ್ಬು ಕಡಿಯುವುದಕ್ಕೆ ‘ತೋಡಣೆ’, ಎಲೆ-ಕಾಯಿ ಚಿವುಟುವುದಕ್ಕೆ ‘ಖುಡಣೆ’. ಕೊಯ್ತಾ ಎಂಬ ಮಗುವಿಗೆ ತಾಯಿಯಾಗಬಲ್ಲ ಕ್ರಿಯಾಪದ ಆ ಮನೆಯ ದಿನಬಳಕೆಯಲ್ಲಿ ಕಾಣುವುದಿಲ್ಲ. ತಾಯಿ ಇರುವುದು ಪಕ್ಕದ ಮನೆಯಲ್ಲಿ. ಕನ್ನಡದ ‘ಕೊಯ್’, ತಮಿಳು-ಮಲಯಾಳದ ‘ಕೊಯ್’, ತೆಲುಗಿನ ‘ಕೋಯು’ ಇವೆಲ್ಲ ಒಂದೇ ಬೇರಿನವು. ಮಲಯಾಳದಲ್ಲಿ ‘ಕೊಯ್ತ್’ ಎಂದರೆ ಸುಗ್ಗಿಯ ಕೊಯ್ಲು; ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಾಗಿ ಹಾಡುವುದು ‘ಕೊಯ್ತ್ ಪಾಟ್ಟ್’. ತೆಲುಗಿನಲ್ಲಿ ಅದೇ ‘ಕೋತ’ ಆಗಿ, ಭತ್ತದ ಕೋತದಿಂದ ಕರೆಂಟಿನ ಕೋತದವರೆಗೆ ಬಂದಿದೆ.

ಕನ್ನಡದ ಪದರಚನೆ ಗೊತ್ತಿದ್ದವರಿಗೆ ಇದರಲ್ಲಿ ಗುಟ್ಟೇನಿಲ್ಲ. ಇರಿ-ಇರಿತ, ಕಡಿ-ಕಡಿತ, ಹೊಡೆ-ಹೊಡೆತ, ತುಳಿ-ತುಳಿತ, ಕೊರೆ-ಕೊರೆತ. ಹಾಗೆಯೇ ಕೊಯ್-ಕೊಯ್ತ. ಧಾತುವಿಗೆ ‘ತ’ ಹತ್ತಿದರೆ ಅದು ಕೆಲಸದ ಹೆಸರು. ಹೊಡೆತ ಅಂದರೆ ಹೊಡೆಯುವ ಕೋಲಲ್ಲ. ಅಂದಮೇಲೆ ಕೊಯ್ತ ಕೂಡ ಮೊದಲಿಗೆ ಕೊಯ್ಯುವ ಕ್ರಿಯೆ. ಕ್ರಿಯೆಯ ಹೆಸರು ಮರಾಠಿ-ಕೊಂಕಣಿಗಳ ಗಡಿ ದಾಟುವಾಗ ಎಲ್ಲೋ ಉಪಕರಣದ ಹೆಸರಾಯಿತು. ಗಡಿ ದಾಟುವ ಪದಗಳಿಗೆ ಇದು ಹೊಸತಲ್ಲ. ಬೇರೆ ಭಾಷೆಯವನು ಹೊಲದಲ್ಲಿ ನಿಂತು ‘ಅದೇನು?’ ಎಂದು ಕೈ ತೋರಿಸಿ ಕೇಳಿದಾಗ, ಕೇಳಿದ್ದು ಕತ್ತಿಯ ಬಗ್ಗೆಯೋ ಕೆಲಸದ ಬಗ್ಗೆಯೋ ಎಂದು ಉತ್ತರ ಕೊಟ್ಟವನಿಗೆ ತಿಳಿಯಬೇಕೆಂದೇನಿಲ್ಲ. ಇದು ನನ್ನ ಊಹೆ. ಸಾಕ್ಷಿ ಎಂದು ಯಾರೂ ತೆಗೆದುಕೊಳ್ಳಬಾರದು.

ಊಹೆಯಲ್ಲದ್ದು ಇಷ್ಟು: ಈ ನೆಲದಲ್ಲಿ ಎರಡು ಭಾಷೆಗಳ ಒಡನಾಟ ನಿನ್ನೆ ಮೊನ್ನೆಯದಲ್ಲ. ಕೊಲ್ಹಾಪುರದ ಶಿಲಾಹಾರರ ಕಾಲದ ಕನ್ನಡ ಶಾಸನಗಳು ಆ ಊರಲ್ಲೇ ಇವೆ. ಮಹಾರಾಷ್ಟ್ರದ ಊರುಕೇರಿಗಳ ಹೆಸರುಗಳಲ್ಲಿ ಕನ್ನಡವನ್ನು ಹುಡುಕುತ್ತ ಶಂ.ಬಾ. ಜೋಶಿಯವರು ‘ಕನ್ನಡದ ನೆಲೆ’ಯಂಥ ಪುಸ್ತಕ ಬರೆದರು. ಅವರ ಎಲ್ಲ ತೀರ್ಮಾನಗಳಿಗೂ ತಲೆಯಾಡಿಸಬೇಕಿಲ್ಲ. ನೇಗಿಲು, ಕುಂಟೆ, ಕತ್ತಿಗಳ ಲೋಕದಲ್ಲಿ ಎರಡೂ ನುಡಿಗಳ ಕೊಡುಕೊಳೆ ಆಳವಾಗಿತ್ತೆಂಬ ಮಾತಿಗಂತೂ ಜಗಳವಿಲ್ಲ.

ಕನ್ನಡದೊಳಗೆ ‘ಕೊಯ್’ ಸಾಗಿದ ದಾರಿ ಬೇರೆ. ಕತ್ತರಿಸುವ ಕೆಲಸಕ್ಕೆ ನಮ್ಮ ಭಾಷೆಯಲ್ಲಿರುವಷ್ಟು ಕ್ರಿಯಾಪದಗಳನ್ನು ಒಂದು ಕಡೆ ಇಟ್ಟು ನೋಡಿದರೆ ಒಕ್ಕಲುತನದ ಅರ್ಧ ಜ್ಞಾನ ಅಲ್ಲಿದೆ ಎನ್ನಿಸುತ್ತದೆ. ಗಟ್ಟಿಯಾದದ್ದನ್ನು ಏಟು ಹಾಕಿ ಕಡಿಯುತ್ತೇವೆ. ಕೊಂಬೆಯನ್ನು ಸವರುತ್ತೇವೆ. ಕಟ್ಟಿಗೆಯನ್ನು ಸೀಳುತ್ತೇವೆ. ಕಾಯಿಪಲ್ಲೆಯನ್ನು ಹೆಚ್ಚುತ್ತೇವೆ. ಬಟ್ಟೆಯನ್ನು ಕತ್ತರಿಸುತ್ತೇವೆ. ಅಲಗನ್ನು ಮೈಕಡೆಗೆ ಎಳೆದುಕೊಳ್ಳುತ್ತ, ಎಡಗೈಯಲ್ಲಿ ಹಿಡಿದದ್ದನ್ನು ಬಿಡಿಸಿಕೊಳ್ಳುವುದಕ್ಕೆ ಮಾತ್ರ ಕೊಯ್ಯುವುದು ಎಂದು ಹೆಸರು. ಪೈರನ್ನು ಹೀಗೆ ಕೊಯ್ಯುತ್ತಾರೆ, ಅಡಿಕೆಯ ಕೊನೆಯನ್ನು ಕೊಯ್ಯುತ್ತಾರೆ, ಹಳೇ ಮೈಸೂರಿನ ಕಡೆ ಹೂವನ್ನೂ ಕೊಯ್ಯುತ್ತಾರೆ. ಧಾರವಾಡದ ಕಡೆಯವರು ಹೂ ‘ಹರಿಯುತ್ತಾರೆ’. ಕೊಯ್ಯುವ ಕೆಲಸದಲ್ಲಿ ಎರಡು ಕೈಗೂ ಪಾಲಿದೆ. ಹಿಡಿಯುವ ಕೈ ಇಲ್ಲದೆ ಕೊಯ್ಯುವ ಕೈ ಇಲ್ಲ.

ಕೊಯ್‌ನಿಂದ ಹುಟ್ಟಿದ ‘ಕೊಯಿಲು’, ಈಗಿನ ಕೊಯ್ಲು, ಈಚೆಗೆ ಬಹಳ ದೂರ ಹೋಗಿದೆ. ಮಳೆನೀರು ಕೊಯ್ಲು ಎಂಬ ಮಾತು ಸರಕಾರಿ ಸುತ್ತೋಲೆಯಿಂದ ಶಾಲೆಯ ಗೋಡೆಬರಹದವರೆಗೆ ಬಂದು ಕುಳಿತಿದೆ. ಯಾವ ಅಲಗೂ ಇಲ್ಲದೆ ಮುಗಿಲನ್ನು ಕೊಯ್ದ ಈ ಪದಜೋಡಣೆ ಇಂಗ್ಲಿಷಿನ ನೆರಳಿನಲ್ಲಿ ಹುಟ್ಟಿದ್ದಾದರೂ ಕನ್ನಡಕ್ಕೆ ಒಗ್ಗಿಬಿಟ್ಟಿತು. ಇತ್ತ ಮೈಗೆ ಸಂಬಂಧಿಸಿದ ಕೊಯ್ತವೂ ಉಳಿದಿದೆ. ಹಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಎನ್ನುವವರು ಕಡಿಮೆ. ‘ಹೊಟ್ಟಿ ಕೊಯ್ದಾರ’ ಎನ್ನುತ್ತಾರೆ. ಈ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಬೇಕಾಗುತ್ತದೆ.

ಹೀಗೆ ನೋಡಿದರೆ ಕಬ್ಬಿಗೂ ಕೊಯ್ಯುವುದಕ್ಕೂ ಕನ್ನಡದ ಆಡುಮಾತಿನಲ್ಲಿ ನಂಟು ಕಡಿಮೆ. ಕಬ್ಬನ್ನು ಕೊಯ್ಯುವವರು ಅಪರೂಪ, ಬಹುಪಾಲು ಕಡಿಯುವವರೇ. ಪತ್ರಿಕೆಗಳು ‘ಕಟಾವು’ ಎಂದು ಬರೆಯುತ್ತವೆ. ಅದೇ ಕೊಯ್ ಧಾತುವಿನ ಮಗ ಮರಾಠಿ ಮನೆಯಲ್ಲಿ ಬೆಳೆದು, ಕಬ್ಬು ಕಡಿಯುವ ಕತ್ತಿಯಾಗಿ, ಕೊನೆಗೆ ಒಂದು ದೀರ್ಘ ‘ಆ’ಕಾರವನ್ನು ಹೊತ್ತು ಗಡಿಯ ಕನ್ನಡಕ್ಕೆ ಮರಳಿ ಬಂದಾಗ ತಾಯಿಗೇ ಗುರುತು ಸಿಗಲಿಲ್ಲ. ಶಿರೋಳದ ಕನ್ನಡಿಗ ರೈತನಿಗೆ ಕೊಯ್ತಾ ಮರಾಠಿ, ಕೊಯ್ಯುವುದು ಕನ್ನಡ. ಎರಡನ್ನೂ ದಿನಾಲೂ ಆಡುತ್ತಾನೆ, ಒಂದರ ಪಕ್ಕ ಒಂದನ್ನು ಇಟ್ಟು ನೋಡುವ ಪ್ರಸಂಗ ಬರುವುದಿಲ್ಲ.

ಜಯಸಿಂಗಪುರದಲ್ಲಿ ನಿಂತು ಈ ಪದವನ್ನು ನೋಡುವುದಕ್ಕೆ ಕಾರಣವಿದೆ. ಮೀರಜ-ಕೊಲ್ಹಾಪುರ ರೈಲು 1891ರಲ್ಲಿ ಬಂತು. ಆ ಹಳಿಯ ಪಕ್ಕದಲ್ಲಿ ರಾಜರ್ಷಿ ಶಾಹೂ ಮಹಾರಾಜರು 1917ರ ಹೊತ್ತಿಗೆ ಒಂದು ಪೇಟೆ ಕಟ್ಟಿಸಿ, ತಮ್ಮ ಜನಕ ತಂದೆ ಕಾಗಲದ ಜಯಸಿಂಗರಾವ್ ಘಾಟ್ಗೆಯವರ ಹೆಸರಿಟ್ಟರು. ಅಳೆದು ಗೆರೆ ಹಾಕಿ ಕಟ್ಟಿದ ಊರು. ಕೃಷ್ಣೆ, ಪಂಚಗಂಗೆ, ವಾರಣೆ, ದೂಧಗಂಗೆಗಳ ನಡುವಿನ ಕಪ್ಪು ನೆಲ ಅದರ ಹಿತ್ತಲು. ಶಿರೋಳದ ದತ್ತ ಸಹಕಾರಿ ಕಾರ್ಖಾನೆ, ಇಚಲಕರಂಜಿಯ ಪಕ್ಕದ ಪಂಚಗಂಗಾ, ಹುಪರಿಯ ಜವಾಹರ, ದಕ್ಷಿಣಕ್ಕೆ ಗಡಹಿಂಗ್ಲಜದ ಹರಳಿಯ ಕಾರ್ಖಾನೆ, ಗಡಿ ದಾಟಿದರೆ ಸಂಕೇಶ್ವರದ ಹಿರಣ್ಯಕೇಶಿ, ಇನ್ನೂ ಪೂರ್ವಕ್ಕೆ 1939ರಲ್ಲಿ ಸ್ಥಾಪನೆಯಾದ ಉಗಾರದ ಗಿರಣಿ: ಚಳಿಗಾಲದಲ್ಲಿ ಈ ಸೀಮೆಯ ಗಾಳಿಯಲ್ಲೇ ಕಾಕಂಬಿಯ ವಾಸನೆ. ಕಬ್ಬಿನ ದರ ಏನು ಕೇಳಬೇಕೆಂದು ತೀರ್ಮಾನಿಸುವ ರೈತರ ‘ಊಸ ಪರಿಷದ್’, ರಾಜು ಶೆಟ್ಟಿಯವರ ಸ್ವಾಭಿಮಾನಿ ಸಂಘಟನೆಯದು, ಸೇರುವುದು ಜಯಸಿಂಗಪುರದ ಮೈದಾನದಲ್ಲೇ.

ರೈತ ಬೆಳೆದ ಕಬ್ಬು ತಾನಾಗಿ ಕಾರ್ಖಾನೆಗೆ ನಡೆದು ಹೋಗುವುದಿಲ್ಲ. ಕಡಿದ ಕಬ್ಬನ್ನು ಒಂದು ಹಗಲು-ರಾತ್ರಿಯೊಳಗೆ ಅರೆಯಬೇಕು. ತಡವಾದಷ್ಟೂ ಸಕ್ಕರೆಯ ಅಂಶ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಕಾರ್ಖಾನೆಯ ಚೀಟಿ ಇಂಥ ದಿನ ಇಂಥ ಹೊಲ ಎಂದು ಬರುತ್ತದೆ. ಟೋಳಿ ಆ ದಿನ ಆ ಹೊಲದಲ್ಲಿರಬೇಕು, ಟ್ರ್ಯಾಕ್ಟರ್ ಬದುವಿನಲ್ಲಿರಬೇಕು, ಗೇಟಿನಲ್ಲಿ ಸರದಿ ಸಿಗಬೇಕು. ಸಕ್ಕರೆ ಹೆಚ್ಚಿರುವುದು ಬುಡದಲ್ಲಿ. ಆದ್ದರಿಂದ ನೆಲಕ್ಕೆ ತಾಗಿಸಿ ಕಡಿಯಬೇಕು. ನಾಲ್ಕು ಬೆರಳು ಮೇಲೆ ಕಡಿದರೆ ರೈತನಿಗೂ ನಷ್ಟ, ಕಾರ್ಖಾನೆಗೂ ನಷ್ಟ, ಮುಂದಿನ ಕುಳೆ ಬೆಳೆಗೂ ಕೆಡುಕು. ತುದಿಯನ್ನು ಎಲ್ಲಿ ಹಾರಿಸಬೇಕೆಂಬುದೂ ಅಂದಾಜಿನ ಕೆಲಸ.

ಕಡಿಯುವ ಹೊಲಕ್ಕೆ ಇಲ್ಲಿ ‘ಫಡ’ ಎಂದು ಹೆಸರು. ಮರಾಠಿಯಲ್ಲಿ ತಮಾಷಾ ಮೇಳವೂ ಫಡ, ಕುಸ್ತಿಯ ಕಣವೂ ಫಡ. ಜನ ಕಲೆತು ಮೈ ಬಗ್ಗಿಸುವ ಜಾಗವೆಲ್ಲ ಫಡವೇ. ಆ ಫಡದೊಳಗೆ ಗಂಡ ಮುಂದೆ ಮುಂದೆ ಬುಡ ಕಡಿಯುತ್ತ, ಒಣಗಿದ ಗರಿಯ ರವದಿ ಸವರುತ್ತ, ತುದಿ ಹಾರಿಸುತ್ತ ಹೋಗುತ್ತಾನೆ. ಹೆಂಡತಿ ಹಿಂದಿನಿಂದ ಆಯ್ದು, ಜೋಡಿಸಿ, ಕಬ್ಬಿನ ವಾಡೆಯನ್ನೇ, ಅಂದರೆ ತುದಿಯ ಹಸಿ ಗರಿಯನ್ನೇ, ಹೊಸೆದು ಮೋಳಿ, ಅಂದರೆ ಹೊರೆ, ಕಟ್ಟುತ್ತಾಳೆ. ಆಮೇಲೆ ಅದನ್ನು ತಲೆಯ ಮೇಲೆ ಹೊತ್ತು, ಹಲಗೆ ಏರಿ, ಟ್ರಾಲಿಗೆ ಹಾಕುತ್ತಾಳೆ. ಆಕೆ ಕಟ್ಟುವ ವೇಗಕ್ಕಿಂತ ಆತ ಜೋರಾಗಿ ಕಡಿದರೆ ಪ್ರಯೋಜನವಿಲ್ಲ, ಸಾಲು ಹರಡಿ ಹೋಗುತ್ತದೆ. ಆತ ನಿಂತರೆ ಆಕೆಗೆ ಕೆಲಸವಿಲ್ಲ. ಮಾತಿಲ್ಲದೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿರಬೇಕು. ಒಂದು ಜೋಡಿ ದಿನಕ್ಕೆ ಒಂದೂವರೆ-ಎರಡು ಟನ್ ಎತ್ತುವುದು ಹೀಗೆ. ಕೊಯ್ಯುವುದಕ್ಕೆ ಹಿಡಿಯುವ ಕೈ, ಅಲಗಿನ ಕೈ ಎರಡೂ ಬೇಕು ಎಂದೆನಲ್ಲ, ಇಲ್ಲಿ ಆ ಎರಡು ಕೈಗಳು ಎರಡು ಮೈಗಳಿಗೆ ಹಂಚಿಕೆಯಾಗಿವೆ. ಈ ಜೋಡಿಗೆ ‘ಕೊಯ್ತಾ’ ಎಂದು ಹೆಸರಿಟ್ಟವನು ಯಾರೋ, ಅವನಿಗೆ ಕೆಲಸದ ಒಳಗುಟ್ಟು ಗೊತ್ತಿತ್ತು. ಒಬ್ಬನಿಂದ ಆಗುವ ಕೆಲಸ ಇದಲ್ಲ, ಆದ್ದರಿಂದ ಒಂದು ಎಂದರೆ ಇಬ್ಬರು.

ಎಂಟು-ಹತ್ತು ಕೊಯ್ತಾ ಕೂಡಿದರೆ ಒಂದು ಟೋಳಿ. ಉತ್ತರ ಕರ್ನಾಟಕದ ಕಡೆ ‘ಗ್ಯಾಂಗು’ ಎಂದೂ ಅನ್ನುತ್ತಾರೆ. ಟೋಳಿಗೆ ಮುಂದಾಳು ಮುಕಾದಮ; ಅರಬಿಯಲ್ಲಿ ಆ ಪದದ ಅರ್ಥವೇ ‘ಮುಂದೆ ನಿಲ್ಲಿಸಲಾದವನು’. ಕಡಿಯಲು ಬರುವವರಲ್ಲಿ ಬೀಡ ಜಿಲ್ಲೆಯವರು ಹೆಚ್ಚು. ಜತ್ತ, ವಿಜಯಪುರದ ಕಡೆಯ ಒಣಭೂಮಿಯವರೂ, ತಾಂಡಾಗಳವರೂ ಇದ್ದಾರೆ. ಜತ್ತದವರು ಬಂದರೆ ಶಿರೋಳದ ಕನ್ನಡ ಮನೆಗಳ ಜೊತೆ ಕನ್ನಡದಲ್ಲೇ ವ್ಯವಹಾರ. ಟ್ರಾಲಿಯ ತೂಕ ಸಾಮಾನ್ಯವಾಗಿ ಇಡೀ ಟೋಳಿಯದ್ದಾಗಿ ಬರುತ್ತದೆ, ಆಮೇಲೆ ಕೊಯ್ತಾಗಳಿಗೆ ಸಮನಾಗಿ ಹಂಚುತ್ತಾರೆ. ಮೈಗಳ್ಳ ಜೋಡಿಯೊಂದು ಸೇರಿಕೊಂಡರೆ ಉಳಿದ ಒಂಬತ್ತರ ಹೊಟ್ಟೆಗೆ ಹೊಡೆತ. ಆದ್ದರಿಂದ ಟೋಳಿ ಕಟ್ಟುವಾಗ ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಓಣಿಯವರು ಒಬ್ಬರನ್ನೊಬ್ಬರು ಆರಿಸಿಕೊಳ್ಳುತ್ತಾರೆ.

ಫ್ರಾನ್ಸಿನ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರು ಹಗ್ಗ ಎಳೆಸಿ ಅಳತೆ ಮಾಡಿ 1913ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಒಬ್ಬನೇ ಎಳೆದಾಗಿನ ಬಲವನ್ನು ಪೂರ್ತಿ ಎಂದಿಟ್ಟರೆ, ಎಂಟು ಜನ ಕೂಡಿ ಎಳೆದಾಗ ತಲೆಗೆ ಬರುವ ಬಲ ಸುಮಾರು ಅರ್ಧ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬನೂ ಇನ್ನೊಬ್ಬ ಎಳೆಯಲಿ ಎಂದುಕೊಳ್ಳುತ್ತಾನೆ, ಎಳೆತದ ಹೊಂದಿಕೆಯೂ ತಪ್ಪುತ್ತದೆ. ಕಬ್ಬಿನ ಟೋಳಿ ಈ ರೋಗಕ್ಕೆ ಮದ್ದು ಕಂಡುಕೊಂಡದ್ದು ಗುಂಪಿನೊಳಗೆ ಇಬ್ಬಿಬ್ಬರ ತುಣುಕು ಮಾಡಿ. ಪಾಲು ಸಮ, ಸಾಲು ಬೇರೆ ಬೇರೆ; ಯಾರ ಸಾಲು ಹಿಂದೆ ಬಿತ್ತೆಂದು ಕಣ್ಣಿಗೇ ಕಾಣುತ್ತದೆ. ಆಡಳಿತದ ಪಾಠ ಹೇಳುವವರು ಈ ಫಡಕ್ಕೆ ಒಮ್ಮೆ ಬಂದು ನೋಡಬಹುದು, ಆದರೆ ಇಡೀ ಹಂಗಾಮು ನೋಡಬೇಕು.

ಯಾಕೆಂದರೆ ಟೋಳಿಯನ್ನು ಕಟ್ಟಿ ಹಿಡಿದಿರುವುದು ನಂಟು-ನಂಬಿಕೆಗಳಷ್ಟೇ ಅಲ್ಲ, ಮುಂಗಡವೂ ಹೌದು. ಅದಕ್ಕೆ ‘ಉಚಲ್’ ಎಂದು ಹೆಸರು. ಉಚಲಣೆ ಅಂದರೆ ಎತ್ತುವುದು. ದುಡ್ಡು ಎತ್ತಿದ್ದು ಉಚಲ್, ಪರರದನ್ನು ಎತ್ತುವವನು ಉಚಲ್ಯಾ. ಲಕ್ಷ್ಮಣ ಗಾಯಕವಾಡರ ಆತ್ಮಕಥೆಗೆ ಅದೇ ಹೆಸರು, 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೆ. ಮಳೆಗಾಲದಲ್ಲೇ ಮುಕಾದಮ ಕೊಯ್ತಾ ಲೆಕ್ಕದಲ್ಲಿ ಉಚಲ್ ಕೊಡುತ್ತಾನೆ. ಅದು ತೀರುವವರೆಗೆ ಕಡಿಯುತ್ತಲೇ ಇರಬೇಕು. ಒಂದು ದಿನ ತಪ್ಪಿದರೆ ‘ಖಾಡಾ’, ಅಂದರೆ ದಂಡ. ಇತ್ತ ಉಚಲ್ ಕೊಟ್ಟೂ ಟೋಳಿ ಬಾರದೆ ಲಕ್ಷಗಟ್ಟಲೆ ಕಳೆದುಕೊಂಡ ಟ್ರ್ಯಾಕ್ಟರ್ ಮಾಲೀಕರ ಗೋಳೂ ಕೊಲ್ಹಾಪುರ ಜಿಲ್ಲೆಯಲ್ಲಿ ಸಣ್ಣದಲ್ಲ. ರೈತನದು ಇನ್ನೊಂದು ಗೋಳು: ದರದ ಮೇಲೆ ಹೆಚ್ಚಾಗಿ ಟೋಳಿಗೆ ‘ಖುಷಾಲಿ’, ಡ್ರೈವರನಿಗೆ ‘ಎಂಟ್ರಿ’ ಕೊಡಬೇಕು. ಖುಷಿಯಿಂದ ಕೊಡುವುದಕ್ಕೆ ಇದ್ದ ಪದ ಬೇಸರದಿಂದ ಕೊಡುವುದಕ್ಕೆ ಸಂದಿದೆ.

ಉಪಕರಣದ ಹೆಸರಿನಿಂದ ಜನರನ್ನು ಎಣಿಸುವ ಚಾಳಿ ಕಬ್ಬಿನವರಿಂದ ಶುರುವಾದದ್ದಲ್ಲ. ನಮ್ಮ ಶಾಸನಗಳಲ್ಲಿ ಮಗ್ಗದೆರೆ ಇದೆ, ಗಾಣದೆರೆ ಇದೆ. ಅರಸನಿಗೆ ನೇಕಾರ ಕಂಡದ್ದು ಮಗ್ಗವಾಗಿ, ಗಾಣಿಗ ಕಂಡದ್ದು ಗಾಣವಾಗಿ. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ವಿದ್ಯುತ್ ಮಗ್ಗ ತಂದ ಮೇಲೆ ಆ ಊರು ಬೆಳೆದು ನಿಂತದ್ದೂ ಮಗ್ಗದ ಎಣಿಕೆಯ ಮೇಲೆಯೇ; ಮನೆತನದ ಅಂತಸ್ತಿಗೂ ಕೂಲಿಯವನ ಸಾಮರ್ಥ್ಯಕ್ಕೂ ಎಷ್ಟು ಮಗ್ಗ ಎಂಬುದೇ ಅಳತೆಗೋಲು. ಆದರೆ ಈ ಎಣಿಕೆಗಳಲ್ಲಿ ಒಂದು ಮಗ್ಗದ ಹಿಂದೆ ಕಂಡಿಕೆ ಸುತ್ತಿದ ಹೆಂಡತಿ, ನೂಲು ಬಿಡಿಸಿದ ಮಗಳು ಯಾರೂ ಲೆಕ್ಕಕ್ಕೆ ಬರಲಿಲ್ಲ. ಕೊಯ್ತಾ ಕನಿಷ್ಠ ಹೆಂಗಸನ್ನು ಎಣಿಕೆಯೊಳಗೆ ತಂದುಕೊಂಡಿತು, ಅವಳಿಲ್ಲದಿದ್ದರೆ ಅರ್ಧವೆಂದು ಒಪ್ಪಿತು. ತಂದುಕೊಂಡು, ಒಂದು ಎಂದು ಬರೆದುಕೊಂಡಿತು.

ಅದೇ ಕಬ್ಬು, ಅದೇ ಸೀಮೆ, ಬೆಲ್ಲದ ಗಾಣದಲ್ಲಿ ನೋಡಿ. ಆಲೆಮನೆಗೆ ಕೊಲ್ಹಾಪುರದಲ್ಲಿ ಗುರ್ಹಾಳ ಎನ್ನುತ್ತಾರೆ. ಅಲ್ಲಿ ಪಾಕದ ಹದ ಬಲ್ಲವನು ಗುಳವ್ಯಾ, ಒಲೆಗೆ ಸಿಪ್ಪೆ ಒಟ್ಟುವವನು ಚುಲವ್ಯಾ, ಹೊಲದಿಂದ ಕಬ್ಬು ಕಡಿದು ತರುವವನು ಫಡಕರಿ. ಒಬ್ಬೊಬ್ಬನಿಗೂ ಅವನವನ ಕಸುಬಿನ ಹೆಸರು. ಚುಲವ್ಯಾ ಒಂದು ನಿಮಿಷ ಉರಿ ಹೆಚ್ಚಿಸಿದರೆ ಗುಳವ್ಯಾನ ಬಾಯಿಂದ ಬೈಗುಳ ಬೀಳುತ್ತದೆ. ಬೈಗುಳ ಬೀಳಬೇಕಾದರೂ ಎದುರಿಗೊಬ್ಬ ಹೆಸರುಳ್ಳವನು ಇರಬೇಕಲ್ಲ. ಕನ್ನಡದ ಹಳೆಯ ‘ಮುಯ್ಯಾಳು’ ಕೂಡ ಇದೇ ಬಗೆಯದು. ನಿನ್ನ ಹೊಲಕ್ಕೆ ಇಂದು ನಾನು, ನನ್ನ ಹೊಲಕ್ಕೆ ನಾಳೆ ನೀನು. ದುಡ್ಡಿಲ್ಲ, ಆದರೆ ಆಳಿಗೆ ಆಳು, ದಿನಕ್ಕೆ ದಿನ. ಮುಯ್ಯಾಳು ‘ಬಂದಾರ’ ಎನ್ನುತ್ತೇವೆ. ‘ಬಂದ್ವು’ ಎಂದರೆ ಬಂದವರು ಎದ್ದು ಹೋದಾರು.

ಇಂಗ್ಲಿಷಿನ ‘ಟೀಮ್’ ಪದದ ಕಥೆಯನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸಂತಾನ, ಮನೆತನ ಎಂಬ ಅರ್ಥವಿತ್ತು. ನೊಗಕ್ಕೆ ಹೂಡಿದ ಎತ್ತುಗಳ ಜೋಡಿಗೂ ಅದೇ ಹೆಸರು. ಕೂಡಿ ದುಡಿಯುವ ಜನ ಎಂಬ ಅರ್ಥ ಎಷ್ಟೋ ಕಾಲದ ಮೇಲೆ ಬಂತು. ಕೊಯ್ತಾ ಉಲ್ಟಾ ಬಂದಿದೆ: ಮೊದಲು ಕೆಲಸ, ಆಮೇಲೆ ಕಬ್ಬಿಣ, ಆಮೇಲೆ ಗಂಡ-ಹೆಂಡತಿ. ಟೀಮ್ ಎತ್ತಿನಿಂದ ಮನುಷ್ಯರ ಕಡೆಗೆ ಏರಿತು. ಕೊಯ್ತಾದಲ್ಲಿ ಮನುಷ್ಯರು ಕತ್ತಿಯ ಕಡೆಗೆ ಇಳಿದರು. ಬೆಂಗಳೂರಿನ ಗಾಜಿನ ಕಚೇರಿಗಳು ತಾವು ಇದರಿಂದ ದೂರವೆಂದು ತಿಳಿಯಬೇಕಿಲ್ಲ. ರೆಸಾರ್ಟಿಗೆ ಕರೆದೊಯ್ದು ಹಗ್ಗಜಗ್ಗಾಟ ಆಡಿಸಿ ಒಗ್ಗಟ್ಟು ಬೆಳೆಸುವ ಮ್ಯಾನೇಜರೇ ಸೋಮವಾರ ಫೋನಿನಲ್ಲಿ ‘ನಂಗೆ ಎರಡು ರಿಸೋರ್ಸ್ ಬೇಕು, ನಿಮ್ಮ ಹತ್ರ ಖಾಲಿ ಇದ್ಯಾ?’ ಎಂದು ಕೇಳುತ್ತಾನೆ. ‘ಇಬ್ಬರು’ ಎನ್ನುವ ಪದ ಅವನ ಬಾಯಲ್ಲಿ ಬರುವುದಿಲ್ಲ, ‘ಇದ್ದಾರಾ’ ಎಂಬುದೂ ಬರುವುದಿಲ್ಲ. ‘ಹತ್ತ ಕೊಯ್ತಾ ಅದಾವು’ ಎನ್ನುವ ವಾಕ್ಯದ ವ್ಯಾಕರಣವೇ ಅದು, ಹವಾನಿಯಂತ್ರಿತ ಕೋಣೆಯಲ್ಲಿ.

ಒಂದು ಎಂದು ಎಣಿಸಿದ್ದರ ಫಲವನ್ನು ಯಾರು ಉಂಡರು ಎಂಬುದು ಬೀಡ ಜಿಲ್ಲೆಯಲ್ಲಿ ತಿಳಿಯಿತು. ಜೋಡಿಯಲ್ಲಿ ಒಬ್ಬರು ಮಲಗಿದರೆ ಇಡೀ ಕೊಯ್ತಾ ಬಂದ್, ಖಾಡಾ ಇಬ್ಬರದ್ದು. ಮುಟ್ಟಿನ ನೋವು, ಬಿಳಿ ಸೆರಗು, ಬಸಿರು, ಯಾವುದಕ್ಕೂ ಫಡದಲ್ಲಿ ರಜೆಯಿಲ್ಲ. ಶೌಚಕ್ಕೆ ಮರೆಯಿಲ್ಲ, ನೀರಿಲ್ಲ. ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಅಷ್ಟೊಂದು ಮಂದಿ ಯಾಕೆ ಎಂಬ ಪ್ರಶ್ನೆ 2019ರಲ್ಲಿ ಎದ್ದು, ಮಹಾರಾಷ್ಟ್ರ ಸರಕಾರ ನೀಲಮ್ ಗೋರ್ಹೆಯವರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಬೀಡ ಜಿಲ್ಲೆಯಲ್ಲಿ ವಿಚಾರಿಸಿದ ಸುಮಾರು 82,000 ಹೆಂಗಸರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಚಿಕ್ಕ ವಯಸ್ಸಿನವರೂ ಅದರಲ್ಲಿದ್ದರು. ಖಾಸಗಿ ಆಸ್ಪತ್ರೆಗಳ ದುರಾಸೆ, ಕ್ಯಾನ್ಸರಿನ ಹೆದರಿಕೆ, ಬಡತನ, ಕಾರಣಗಳು ಒಂದೆರಡಲ್ಲ. ಕೆಲಸ ತಪ್ಪಿದರೆ ದಂಡ ಎಂಬುದೂ ಅವುಗಳಲ್ಲಿ ಒಂದು. ಹಳ್ಳಿಯ ಕನ್ನಡ ಶಸ್ತ್ರಚಿಕಿತ್ಸೆಗೆ ಬಳಸುವ ಕೊಯ್ಯುವುದು, ಮರಾಠಿಯ ಕೊಯ್ತಾ, ಈ ಎರಡು ಬೇರೆ ಬೇರೆ ಹಾದಿಯಲ್ಲಿ ನಡೆದ ಒಂದೇ ಧಾತು ಒಂದು ಹೆಣ್ಣಿನ ಮೈಮೇಲೆ ಬಂದು ಕೂಡಿತು. ನಿಘಂಟುಗಾರರು ಇಂಥ ಕೂಡುವಿಕೆಗೆ ಗುರುತು ಹಾಕುವುದಿಲ್ಲ.

ಜೋಡಿಯಿಲ್ಲದೆ ಉಚಲ್ ಇಲ್ಲವೆಂಬ ಕಟ್ಟಳೆ ಮದುವೆಗಳನ್ನೂ ಬೇಗ ಮಾಡಿಸಿತು. ಹುಡುಗನಿಗೆ ಹೆಂಡತಿ ಬೇಕು ಎನ್ನುವುದಕ್ಕೂ ಅವನ ಅರ್ಧ ಕೊಯ್ತಾ ಪೂರ್ತಿಯಾಗಬೇಕು ಎನ್ನುವುದಕ್ಕೂ ಆ ಮನೆಗಳಲ್ಲಿ ದೂರವಿಲ್ಲ. ಜೊತೆ ಬಂದ ಮಕ್ಕಳಿಗಾಗಿ ಕಾರ್ಖಾನೆಗಳ ಹತ್ತಿರ ‘ಸಾಖರ ಶಾಳಾ’ಗಳನ್ನು ತೆರೆದರು, ಕೆಲವು ನಡೆದವು, ಕೆಲವು ಹೆಸರಿಗೆ ಉಳಿದವು.

ಪದಕ್ಕೆ ಇನ್ನೂ ಎರಡು ತಿರುವು ಇವೆ. ದರ ಹೆಚ್ಚಿಸಿರೆಂದು ಕಡಿಯುವವರು ಕೆಲಸ ನಿಲ್ಲಿಸಿದಾಗ ಅದರ ಹೆಸರು ‘ಕೊಯ್ತಾ ಬಂದ್’. ಅಲಗು ಕೆಳಗಿಟ್ಟಾಗ ಮಾತ್ರ ಆ ಪದದೊಳಗಿನ ಜನ ಎದ್ದು ನಿಂತು ಮಾತಾಡಿದ್ದು. ಇನ್ನೊಂದು ತಿರುವು ಪುಣೆಯದು. 2022-23ರ ಹೊತ್ತಿಗೆ ಅಲ್ಲಿನ ಬೀದಿಗಳಲ್ಲಿ ಹುಡುಗರು ಇದೇ ಕತ್ತಿ ಬೀಸುತ್ತ ಅಂಗಡಿ, ವಾಹನ ಒಡೆಯತೊಡಗಿದರು. ಪತ್ರಿಕೆಗಳು ಅವರಿಗೆ ‘ಕೊಯ್ತಾ ಗ್ಯಾಂಗ್’ ಎಂದು ಹೆಸರಿಟ್ಟವು. ಕೊಯ್ತಾ ಕೊಳ್ಳುವವರ ಗುರುತಿನ ಚೀಟಿ ನೋಡಿ ಎಂದು ಪೊಲೀಸರು ಅಂಗಡಿಗಳಿಗೆ ಹೇಳಬೇಕಾಯಿತು. ನಮ್ಮ ಸಿನಿಮಾದವರ ಲಾಂಗು-ಮಚ್ಚುಗಳ ಮರಾಠಿ ತಮ್ಮ. ಈಗ ನಗರದ ಓದುಗನಿಗೆ ಕೊಯ್ತಾ, ಗ್ಯಾಂಗ್ ಎಂಬ ಎರಡು ಪದ ಒಟ್ಟಿಗೆ ಕಂಡರೆ ನೆನಪಾಗುವುದು ರಕ್ತ. ನಸುಕಿನಲ್ಲೇ ಎದ್ದು ಮಂಜಿನಲ್ಲಿ ಫಡಕ್ಕೆ ಇಳಿಯುವ ಹತ್ತು ಜೋಡಿಗಳು ಈ ಎರಡು ಪದಗಳ ಮೊದಲ ಒಡೆಯರು ಎಂದು ಅವನಿಗೆ ಹೇಳಬೇಕಾದವರು ಯಾರು?

ಹಾರ್ವೆಸ್ಟರ್ ಯಂತ್ರಗಳು ಶಿರೋಳದ ಅಗಲ ಹೊಲಗಳಿಗೆ ಬಂದಿವೆ. ಅವು ಬಂದಲ್ಲಿ ಮೋಳಿ ಇಲ್ಲ, ವಾಡೆ ಇಲ್ಲ, ಹಲಗೆ ಏರುವುದಿಲ್ಲ. ಸಣ್ಣ ತುಂಡು ಹೊಲಗಳಲ್ಲಿ, ಬಗ್ಗಿ ಬಿದ್ದ ಕಬ್ಬಿನಲ್ಲಿ, ಕೆಸರಿನಲ್ಲಿ ಅವಕ್ಕೆ ಕಷ್ಟ. ಅಲ್ಲಿ ಟೋಳಿಯೇ ಬೇಕು. ಮುಕಾದಮನ ಲೆಕ್ಕದ ಪುಸ್ತಕದಲ್ಲಿ ಉಚಲ್ ಬರೆದುಕೊಳ್ಳುವುದು ಬಹುಮಟ್ಟಿಗೆ ಗಂಡಿನ ಹೆಸರಿಗೆ, ತೀರಿಸುವುದು ಇಬ್ಬರ ಮೈಯಿಂದ. ಹೆಂಗಸಿನ ದುಡಿಮೆಯನ್ನು ಬೇರೆಯಾಗಿ ಬರೆದು ಬೇರೆಯಾಗಿ ಕೊಡಿ ಎಂದು ಮಹಿಳಾ ಕಿಸಾನ್ ಅಧಿಕಾರ ಮಂಚ್‌ನವರು ಕೇಳುತ್ತ ಬಂದಿದ್ದಾರೆ. ಗೋಪಿನಾಥ ಮುಂಡೆಯವರ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಂಡಳಿ ಆಯಿತು, ಗ್ರಾಮಸೇವಕರಿಂದ ಗುರುತಿನ ಚೀಟಿ ಹಂಚುವ ಕೆಲಸ ಶುರುವಾಯಿತು; ಆ ಚೀಟಿಯ ಮೇಲೆ ಬರೆದಿರುವುದು ‘ಊಸತೋಡ ಕಾಮಗಾರ’, ಅಂದರೆ ಕಬ್ಬು ಕಡಿಯುವ ಕಾರ್ಮಿಕ; ಒಂದು ಚೀಟಿಗೆ ಒಂದು ಹೆಸರು. 2024ರ ಜನವರಿಯಲ್ಲಿ ಕಾರ್ಖಾನೆಗಳ ಒಕ್ಕೂಟದವರೂ ಸಂಘಟನೆಗಳವರೂ ಪುಣೆಯಲ್ಲಿ ಕೂತು ಕಡಿಯುವ ದರಕ್ಕೆ ಶೇ 34 ಹೆಚ್ಚಳ ಒಪ್ಪಿದರು. ಆ ದರವೂ ಟನ್ನಿಗೆ. ಟನ್ನು ಕೊಯ್ತಾಕ್ಕೆ ಸೇರುತ್ತದೆ, ಕೊಯ್ತಾದೊಳಗೆ ಯಾರಿಗೆಷ್ಟು ಎಂಬುದು ಮನೆಯೊಳಗಿನ ಮಾತಾಗಿಯೇ ಉಳಿದಿದೆ.